ಬೀಚ್ ರೋಡಿನ ಮರಳು ಎಲ್ಲಿ ಹೋಯಿತು?

ಪುದುಚೇರಿಗೆ ಹೋಗಿ ಬಂದವರ ಫೋಟೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದರೆ ಒಂದು ಸಂಗತಿ ಕಾಡತೊಡಗುತ್ತದೆ. ಹಳದಿ ಗೋಡೆ, ಗೋಡೆಯ ಮೇಲಿಂದ ಇಳಿಬಿದ್ದ ಕಾಗದದ ಹೂ, ನೀಲಿ ಬೀದಿಫಲಕ, ಗಾಂಧಿ ಪ್ರತಿಮೆ, ಅದರಾಚೆ ಕಡಲು ಎಲ್ಲ ಇರುತ್ತದೆ. ಕಡಲಿಗೂ ರಸ್ತೆಗೂ ನಡುವೆ ಇರಬೇಕಾದದ್ದು ಮಾತ್ರ ಬಹಳಷ್ಟು ಚಿತ್ರಗಳಲ್ಲಿ ಇಲ್ಲ. ಅಲ್ಲಿರುವುದು ಕಪ್ಪು ಬಂಡೆಗಳ ರಾಶಿ. ನಕ್ಷೆಯಲ್ಲಿ ಗೂಬೇರ್ ಅವೆನ್ಯೂ ಎಂದಿರುವ ಆ ರಸ್ತೆಯನ್ನು ಊರವರು ಈಗಲೂ ಬೀಚ್ ರೋಡ್ ಅಂತಲೇ ಕರೆಯುತ್ತಾರೆ. ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ, ಇಡೀ ಊರು ಅಲ್ಲಿ ನಡೆದಾಡುತ್ತದೆ, ಬಂಡೆಗಳ ಮೇಲೆ ಕೂತು ಗಾಳಿ ಕುಡಿಯುತ್ತದೆ. ಬೀಚ್ ಎಂಬ ಮಾತು ಉಳಿದಿದೆ, ರಸ್ತೆಯ ಬಹುಪಾಲು ಉದ್ದಕ್ಕೆ ಬೀಚ್ ಉಳಿದಿಲ್ಲ.

ಮೊದಲ ಸಲ ಬಂದವರು ಇಳಿತದ ಹೊತ್ತಿಗೆ ಮರಳು ಕಾಣಬಹುದು ಎಂದು ಕಾಯುವುದುಂಟು. ಕಾರವಾರ, ಮಲ್ಪೆಗಳನ್ನು ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಇಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರಿಗೂ ಕಡಿಮೆ. ಎಷ್ಟು ಕಾದರೂ ಕಲ್ಲಿನ ಬುಡದಲ್ಲಿ ನೀರೇ ಇರುತ್ತದೆ. ಇನ್ನು ಕೆಲವರು ಇದು ಮೊದಲಿನಿಂದಲೂ ಕಲ್ಲಿನ ತೀರ, ಫ್ರೆಂಚರು ಕಟ್ಟಿಸಿದ್ದೇ ಹೀಗೆ ಎಂದುಕೊಂಡು ಮುಂದೆ ಹೋಗುತ್ತಾರೆ. ಅದೂ ಸರಿಯಲ್ಲ. 1980ರ ದಶಕದವರೆಗೂ ಇಲ್ಲಿ ಮರಳದಂಡೆ ಇತ್ತು, ದೋಣಿ ಎಳೆದು ಹಾಕುತ್ತಿದ್ದರು, ಬಲೆ ಒಣಗಿಸುತ್ತಿದ್ದರು. ಮಧ್ಯವಯಸ್ಸು ದಾಟಿದ ಊರವರಿಗೆ ಅದರಲ್ಲಿ ಆಡಿದ ನೆನಪಿದೆ.

ಪುದುಚೇರಿ ನೋಡುವುದೆಂದರೆ ಮನೆಗಳನ್ನು ನೋಡುವುದು ಎಂಬಂತಾಗಿದೆ. ಮನೆಗಳು ನೋಡಬೇಕಾದವೇ. ಆದರೆ ಈ ಊರು ಇಲ್ಲಿ ಹುಟ್ಟಿದ್ದು, ಬಾಳಿದ್ದು ಮರಳಿನ ಮೇಲೆ. ಆ ಮರಳಿಗೆ ಏನಾಯಿತು ಎಂದು ತಿಳಿದುಕೊಂಡು ನೋಡಿದರೆ ಇದೇ ರಸ್ತೆ, ಇದೇ ಸುತ್ತಲಿನ ಬೀಚುಗಳು ಬೇರೆಯೇ ಆಗಿ ಕಾಣುತ್ತವೆ.

ಬಂದರಿಲ್ಲದ ಬಂದರು

ಚೋಳಮಂಡಲ ತೀರದ ನಕ್ಷೆ ತೆಗೆದರೆ ಮೊದಲು ಕಾಣುವುದು ಅದರ ನೇರ ಗೆರೆ. ನಮ್ಮ ಕರಾವಳಿಯಲ್ಲಿ ಹತ್ತಿಪ್ಪತ್ತು ಕಿಲೊಮೀಟರಿಗೊಂದು ಅಳಿವೆ, ಕಾರವಾರದಲ್ಲಿ ಗುಡ್ಡಗಳ ಮರೆಯ ಕೊಲ್ಲಿ. ಪೂರ್ವದಲ್ಲಿ ಹಾಗಿಲ್ಲ. ಬಯಲು ಕಡಲು, ಬಯಲು ದಂಡೆ, ದೊಡ್ಡ ಹಡಗಿಗೆ ಮರೆಯೆಂಬುದೇ ಇಲ್ಲ. 1674ರಲ್ಲಿ ಫ್ರಾನ್ಸ್ವಾ ಮಾರ್ತೆ ಇಲ್ಲಿ ಫ್ರೆಂಚ್ ಕಂಪನಿಯ ನೆಲೆ ಊರಿದಾಗಲೂ, 1693ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡು ಬೀದಿಗಳಿಗೆ ಚೌಕುಳಿ ನಕ್ಷೆ ಹಾಕಿದಾಗಲೂ, 1699ರಲ್ಲಿ ಫ್ರೆಂಚರಿಗೆ ಊರು ಮರಳಿ ಸಿಕ್ಕಾಗಲೂ ಹಡಗುಗಳು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಹಡಗಿಗೂ ಮರಳಿಗೂ ನಡುವಿನ ದಾರಿಯನ್ನು ಸಂಭಾಳಿಸುತ್ತಿದ್ದದ್ದು ಮಸೂಲಾ ದೋಣಿ.

ಈ ದೋಣಿಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದಕ್ಕೆ ಒಂದೂ ಮೊಳೆಯಿಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. ಎರಡು ಹಲಗೆ ಕೂಡುವಲ್ಲಿ ಒಳಗಿನಿಂದ ನಾರು, ಹುಲ್ಲುಗಳ ಹೊರೆಯಿಟ್ಟು ಅದರ ಮೇಲೆ ಹೊಲಿಗೆ ಬಿಗಿಯುತ್ತಿದ್ದರು. ಒಳಗೆ ಪಕ್ಕೆಲುಬಿನಂಥ ಅಡ್ಡಕಟ್ಟು ಇರುತ್ತಿರಲಿಲ್ಲ. ಮೊಳೆ ಹೊಡೆದು ಬಿಗಿ ಮಾಡಿದ ಯುರೋಪಿನ ದೋಣಿ ಅಲೆಯ ಮೇಲಿಂದ ಮರಳಿಗೆ ಅಪ್ಪಳಿಸಿದರೆ ಸೀಳಿಹೋಗುತ್ತದೆ. ಹೊಲಿದ ದೋಣಿ ಏಟು ಬಿದ್ದಾಗ ಬುಟ್ಟಿಯ ಹಾಗೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಹೊಲಿಗೆಯ ಸಂದಿನಲ್ಲಿ ನೀರು ಜಿನುಗುವುದಂತೂ ಇದ್ದದ್ದೇ, ಅದನ್ನು ಮೊಗೆದು ಹಾಕುವುದು ಒಬ್ಬನ ಪೂರಾ ಕೆಲಸ. ದಡದ ಹತ್ತಿರ ಅಲೆಗಳು ಸಾಲುಸಾಲಾಗಿ ಮುರಿಯುತ್ತವೆ. ಒಂದು ಸಾಲು ದಾಟಿ, ದೊಡ್ಡ ಅಲೆಗಳ ಗುಂಪು ಹೋಗುವವರೆಗೆ ಹುಟ್ಟು ಹಿಡಿದು ಕಾದು, ಸಣ್ಣ ಅಲೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಿ ಮುಂದಿನ ಸಾಲು ದಾಟಬೇಕು. ಲೆಕ್ಕ ತಪ್ಪಿದರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ್ದು ಮಗುಚುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಹೋಗುತ್ತಿದ್ದ ಪುದುಚೇರಿಯ ನೀಲಿ ಬಟ್ಟೆಯ ಗಂಟುಗಳೂ, ಫ್ರಾನ್ಸಿನಿಂದ ಬಂದ ಗವರ್ನರುಗಳೂ ಹೀಗೆಯೇ ಮರಳನ್ನೂ ಹಡಗನ್ನೂ ಮುಟ್ಟಿದ್ದು.

ಹೀಗೆ ಮರಳದಂಡೆಯೇ ಬಂದರಿನ ಕಟ್ಟೆಯಾಗಿತ್ತು. 1860ರ ದಶಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ಒಂದು ಪಿಯರ್, ಅಂದರೆ ಕಡಲಿನೊಳಕ್ಕೆ ಚಾಚಿದ ಕಟ್ಟೆ, ಕಟ್ಟಿದರು. ದೋಣಿಗಳು ಅದರ ಪಕ್ಕಕ್ಕೆ ಬಂದು ಸರಕು ಇಳಿಸುವಂತಾಯಿತು. 1952ರ ಚಂಡಮಾರುತ ಅದನ್ನು ಕೆಡವಿತು. ಆಮೇಲೆ ಊರಿನ ದಕ್ಷಿಣಕ್ಕೆ ಕಾಂಕ್ರೀಟಿನ ಹೊಸ ಪಿಯರ್ ಬಂತು, ಅದರ ಒಂದು ಭಾಗ 2022ರ ಮಾರ್ಚ್‌ನಲ್ಲಿ ಕುಸಿಯಿತು. ಹಳೆಯ ಪಿಯರಿನ ಮೊಂಡು ಕಂಬಗಳನ್ನು ಗಾಂಧಿ ಪ್ರತಿಮೆಯ ಬಳಿ ನಿಂತು ನೋಡಬಹುದು. ಅವುಗಳ ನಡುವಿನ ಅಂತರವನ್ನು ಗಮನಿಸಿ. ನೀರು ಆ ಕಂಬಗಳ ಸಂದಿನಲ್ಲಿ ಸಲೀಸಾಗಿ ಹಾದುಹೋಗುತ್ತದೆ, ನೀರಿನ ಜೊತೆ ಮರಳೂ ಹೋಗುತ್ತದೆ. ಇಷ್ಟು ವರ್ಷ ಕಡಲಿನೊಳಕ್ಕೆ ಚಾಚಿಕೊಂಡಿದ್ದರೂ ಪಿಯರ್ ದಂಡೆಯನ್ನು ತಿನ್ನಲಿಲ್ಲ ಎಂಬುದಕ್ಕೆ ಕಾರಣ ಆ ಖಾಲಿ ಸಂದು.

ಮರಳು ನಡೆಯುವ ರೀತಿ

ಕಡಲ ಅಲೆ ದಡಕ್ಕೆ ನೇರವಾಗಿ ಬರುವುದು ಕಡಿಮೆ, ಸ್ವಲ್ಪ ಓರೆಯಾಗಿಯೇ ಬರುತ್ತದೆ. ಮರಳಿನ ಮೇಲೆ ಏರುವಾಗ ಓರೆಯಾಗಿ ಏರುತ್ತದೆ. ಇಳಿಯುವಾಗ ಇಳಿಜಾರಿನ ನೇರಕ್ಕೆ ಇಳಿಯುತ್ತದೆ. ಹೀಗಾಗಿ ಅಲೆ ಎತ್ತಿಕೊಂಡ ಮರಳಿನ ಕಣ ಎತ್ತಿದ ಜಾಗಕ್ಕೆ ವಾಪಸಾಗುವುದಿಲ್ಲ, ಒಂದು ಗೇಣೋ ಒಂದು ಮೊಳವೋ ಪಕ್ಕಕ್ಕೆ ಸರಿದಿರುತ್ತದೆ. ಮುಂದಿನ ಅಲೆ ಮತ್ತಷ್ಟು ಸರಿಸುತ್ತದೆ. ಗರಗಸದ ಹಲ್ಲಿನಂತೆ ಏರಿ ಇಳಿಯುತ್ತ ಇಡೀ ದಂಡೆಯ ಮರಳು ತೀರದುದ್ದಕ್ಕೂ ನಡೆಯುತ್ತಿರುತ್ತದೆ. ಒಂದು ತೆಂಗಿನ ಚಿಪ್ಪನ್ನು ಮುರಿಯುವ ಅಲೆಗಳ ನಡುವೆ ಎಸೆದು ಹತ್ತು ನಿಮಿಷ ನೋಡಿದರೆ ಅದು ಹೋಗುವ ದಿಕ್ಕೇ ಆ ದಿನದ ಮರಳಿನ ದಿಕ್ಕು. ಪುದುಚೇರಿಯಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅದು ಉತ್ತರಕ್ಕೆ ಹೋಗುತ್ತದೆ. ಹಿಂಗಾರು ಬೀಸುವ ನವೆಂಬರ್‌ನಿಂದ ಫೆಬ್ರವರಿವರೆಗೆ ದಕ್ಷಿಣಕ್ಕೆ. ಹೋಗುವ ತಿಂಗಳುಗಳು ಹೆಚ್ಚು, ಬರುವವು ಕಡಿಮೆ. ವರ್ಷದ ಕೊನೆಗೆ ಲಕ್ಷಗಟ್ಟಲೆ ಘನ ಮೀಟರ್ ಮರಳು ಉತ್ತರಕ್ಕೇ ಹೋಗಿರುತ್ತದೆ. ದಂಡೆ ನಿಂತಲ್ಲೇ ನಿಂತಂತೆ ಕಾಣುವುದು ದಕ್ಷಿಣದಿಂದ ಅಷ್ಟೇ ಮರಳು ಬಂದು ಸೇರುವುದರಿಂದ. ಹರಿಯುವ ಹೊಳೆ ಬೇಸಿಗೆಯಲ್ಲೂ ತುಂಬಿದಂತೆಯೇ ಕಾಣುವ ಹಾಗೆ.

1986ರಿಂದ 1989ರ ನಡುವೆ ಊರಿನ ದಕ್ಷಿಣಕ್ಕೆ, ಅರಿಯಾಂಕುಪ್ಪಂ ಹೊಳೆಯ ಅಳಿವೆಯಲ್ಲಿ ಬಂದರು ಕಟ್ಟಿದರು. ಅಳಿವೆಯ ಎರಡೂ ಕಡೆ ಕಡಲಿನೊಳಕ್ಕೆ ಕಲ್ಲಿನ ತಡೆಗೋಡೆ ಚಾಚಿಕೊಂಡಿತು. ಇದು ಕಂಬಗಳ ಪಿಯರ್ ಅಲ್ಲ, ಗಟ್ಟಿ ಗೋಡೆ. ದಕ್ಷಿಣದಿಂದ ನಡೆದು ಬಂದ ಮರಳು ಗೋಡೆಯ ತೆಂಕಣ ಮಗ್ಗುಲಿಗೆ ಬಂದು ನಿಂತಿತು. ಗೋಡೆಯ ಬಡಗಣಕ್ಕೆ ಅಲೆಗಳು ಮೊದಲಿನ ಹಾಗೆಯೇ ಮರಳು ಹೊತ್ತೊಯ್ಯುತ್ತಲೇ ಇದ್ದವು, ತುಂಬಿಕೊಡುವ ಮರಳು ಮಾತ್ರ ಬರಲಿಲ್ಲ. ಬಡಗಣಕ್ಕೆ ಇದ್ದದ್ದು ಇಡೀ ಪುದುಚೇರಿ. ನಿಂತ ಮರಳನ್ನು ಪಂಪಿನಿಂದ ಎತ್ತಿ ಗೋಡೆಯಾಚೆ ದಾಟಿಸುವ ಏರ್ಪಾಡು ಯೋಜನೆಯಲ್ಲೇ ಇತ್ತು. ವರ್ಷ ವರ್ಷವೂ ತಪ್ಪದೆ ನಡೆಯಬೇಕಾದ ಕೆಲಸ ಅದು, ನಡೆಯಲಿಲ್ಲ. ನನ್ನ ಮಟ್ಟಿಗೆ ಈ ಕಥೆಯ ತಿರುವು ಅದೇ. ಗೋಡೆ ಕಟ್ಟಿದ್ದು ಒಂದು ಸಲದ ಖರ್ಚು, ಮರಳು ದಾಟಿಸುವುದು ಕೊನೆಯಿಲ್ಲದ ಖರ್ಚು. ಮೊದಲನೆಯದಕ್ಕೆ ಉದ್ಘಾಟನೆ ಉಂಟು, ಎರಡನೆಯದಕ್ಕೆ ಇಲ್ಲ. ಬಂದರಿಗೂ ಇದರಿಂದ ಒಳಿತಾಗಲಿಲ್ಲ. ನಿಂತ ಮರಳು ಗೋಡೆಯ ತುದಿಯನ್ನು ಸುತ್ತಿ ಬಂದು ಅಳಿವೆಯ ಬಾಯಲ್ಲೇ ಕೂರುತ್ತದೆ, ಮೀನುಗಾರರ ದೋಣಿಗಳು ತಳ ತಾಗಿ ಸಿಕ್ಕಿಕೊಳ್ಳುತ್ತವೆ, ಮತ್ತೆ ಮತ್ತೆ ಹೂಳೆತ್ತಬೇಕಾಗುತ್ತದೆ.

ದಂಡೆ ಹೋದ ಮೇಲೆ ರಸ್ತೆ ಉಳಿಸಿಕೊಳ್ಳಲು ಕಲ್ಲು ಹಾಕುವುದೊಂದೇ ದಾರಿಯಾಯಿತು. ಕಲ್ಲು ರಸ್ತೆಯನ್ನು ಉಳಿಸುತ್ತದೆ, ಬೀಚನ್ನು ಉಳಿಸುವುದಿಲ್ಲ. ಮರಳಿನ ಇಳಿಜಾರು ಅಲೆಯ ಕಸುವನ್ನು ಹೀರಿಕೊಳ್ಳುತ್ತದೆ. ಕಲ್ಲಿನ ಗೋಡೆ ಅದನ್ನು ವಾಪಸು ಎಸೆಯುತ್ತದೆ. ವಾಪಸು ಬಂದ ನೀರು ಗೋಡೆಯ ಬುಡವನ್ನು ಕೊರೆಯುತ್ತದೆ, ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಹತ್ತಿರ ಬರುತ್ತದೆ. ದೊಡ್ಡ ಬಂಡೆಗಳ ಕೆಳಗೆ ಸಣ್ಣ ಕಲ್ಲಿನ ಪದರವೋ ಗಟ್ಟಿ ಬಟ್ಟೆಯ ಹಾಸೋ ಇಲ್ಲದಿದ್ದರೆ ಸಂದುಗಳಲ್ಲಿ ಮಣ್ಣು, ಮರಳು ಸೋರಿಹೋಗಿ ಬಂಡೆಗಳು ಒಂದೊಂದಾಗಿ ಕುಸಿಯುತ್ತವೆ. ಮತ್ತೆ ಮೇಲೆ ಕಲ್ಲು ಸುರಿಯಬೇಕು. ಗೋಡೆ ಮುಗಿದಲ್ಲಿ ಕೊರೆತ ಶುರು. ಹಾಗಾಗಿ ಗೋಡೆ ಉತ್ತರಕ್ಕೆ ಬೆಳೆಯುತ್ತ ಹೋಯಿತು. ಕುರುಚಿಕುಪ್ಪಂ, ವೈತಿಕುಪ್ಪಂ, ಸೋಲೈನಗರ ದಾಟಿ ತಮಿಳುನಾಡಿನ ಕೋಟಕುಪ್ಪಂಗೆ, ಅಲ್ಲಿಂದ ತಂತಿರಾಯನ್‌ಕುಪ್ಪಂ, ಚಿನ್ನಮುದಲಿಯಾರ್‌ಚಾವಡಿ, ಬೊಮ್ಮಯಾರ್‌ಪಾಳ್ಯಕ್ಕೆ. ಫ್ರೆಂಚರ ಕಾಲದ ತುಂಡು ತುಂಡು ಗಡಿ ಈಗಲೂ ಹಾಗೇ ಇರುವುದರಿಂದ ಇಸಿಆರ್ (ಈಸ್ಟ್ ಕೋಸ್ಟ್ ರೋಡ್) ಹಿಡಿದು ಉತ್ತರಕ್ಕೆ ಹೋದರೆ ಹನ್ನೆರಡು ಕಿಲೊಮೀಟರಿನೊಳಗೆ ಪುದುಚೇರಿ ಮುಗಿದು ತಮಿಳುನಾಡು ಬರುತ್ತದೆ, ಮತ್ತೆ ಕಾಲಾಪೇಟೆಯಲ್ಲಿ ಪುದುಚೇರಿ ಬರುತ್ತದೆ. ಬಂದರು ಒಂದು ಸರ್ಕಾರದ್ದು, ಮನೆ ಕಳೆದುಕೊಂಡ ಮೀನುಗಾರರಲ್ಲಿ ಬಹಳ ಮಂದಿ ಇನ್ನೊಂದು ರಾಜ್ಯದವರು.

ಉಳ್ಳಾಲದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೇತ್ರಾವತಿ–ಗುರುಪುರ ಅಳಿವೆಗೆ ತಡೆಗೋಡೆ ಬಂದ ಮೇಲೆ ಬೆಂಗ್ರೆಯ ಕಡೆ ಮರಳು ಬೆಳೆದದ್ದನ್ನೂ ಉಳ್ಳಾಲ, ಸೋಮೇಶ್ವರದ ಕಡೆ ಮನೆ, ತೆಂಗು ಕಡಲ ಪಾಲಾದದ್ದನ್ನೂ ಅವರು ಕಣ್ಣಾರೆ ಕಂಡಿದ್ದಾರೆ. ಎರಡು ಕರಾವಳಿಗೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಮಳೆಗಾಲದ ಕಡಲು ಮರಳನ್ನು ಆಳಕ್ಕೆ ಎಳೆದುಕೊಂಡು ಹೋಗಿ ಬೇಸಿಗೆಯಲ್ಲಿ ಬಹುಪಾಲನ್ನು ವಾಪಸು ತಂದು ಹಾಕುತ್ತದೆ. ಅಲ್ಲಿ ಮರಳು ಪಕ್ಕಕ್ಕೆ ನಡೆಯುವುದೇ ಹೆಚ್ಚು. ಹೋದದ್ದು ತಾನಾಗಿ ತಿರುಗಿ ಬರುವುದಿಲ್ಲ.

ಪುದುಚೇರಿಯಲ್ಲಿ ಸ್ವಲ್ಪ ತಿರುಗಿ ಬಂದಿದೆ, ತಂದದ್ದರಿಂದ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಬೀಚ್ ರೋಡಿನ ಮುಖ್ಯ ಸಚಿವಾಲಯದ ಎದುರಿನ ಕಡಲಿನಲ್ಲಿ ಬೆಣೆಯಾಕಾರದ ಉಕ್ಕಿನ ರಚನೆಯೊಂದನ್ನು ಮುಳುಗಿಸಿದರು. 2018ರ ಹೊತ್ತಿಗೆ ಆ ಕೆಲಸ ಮುಗಿಯಿತು. ಅದು ನೀರಿನ ಮೇಲೆ ಕಾಣುವ ಗೋಡೆಯಲ್ಲ, ನೀರಡಿಯ ದಿಬ್ಬ. ಅಲೆ ಅದರ ಮೇಲೆ ಮುರಿದು ಕಸುವು ಕಳೆದುಕೊಳ್ಳುತ್ತದೆ, ಎರಡೂ ಪಕ್ಕದಿಂದ ಬಾಗಿ ಒಳಬರುತ್ತದೆ, ಹಿಂದಿನ ಶಾಂತ ನೀರಿನಲ್ಲಿ ಮರಳು ಕೆಳಗೆ ಕೂರುತ್ತದೆ. ಬಂದರಿನ ಬಾಯಿಂದ ಎತ್ತಿದ ಹೂಳನ್ನೂ ತಂದು ಸುರಿದರು. ಗಾಂಧಿ ಪ್ರತಿಮೆಯಿಂದ ಉತ್ತರಕ್ಕೆ ನಡೆದರೆ ಈಗ ಮರಳು ಸಿಗುವುದು ಈ ಕಾರಣಕ್ಕೆ. ಹಿಂಗಾರಿನಲ್ಲಿ ಅದು ಕಿರಿದಾಗುತ್ತದೆ, ಆಮೇಲೆ ಅಗಲವಾಗುತ್ತದೆ. ಅಲ್ಲಿ ಕಾಲು ನೆನೆಸಿಕೊಳ್ಳಬಹುದು, ಈಜಲು ಇಳಿಯಬಾರದು. ಹೊಸ ಮರಳಿನ ಕೆಳಗೆ ಹಳೆಯ ಬಂಡೆಗಳಿವೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಅಲೆ ಎತ್ತಿ ಹಾಕಿದರೆ ಮೂಳೆ ಮುರಿಯುತ್ತದೆ.

ಗಾರೆಯ ಊರು

ಈಗ ಊರೊಳಗೆ. ಬಿಳಿಯರ ಪಟ್ಟಣದ ಬೀದಿಗಳು 17ನೇ ಶತಮಾನದ ನಕ್ಷೆಯ ಮೇಲೆ ನಿಂತಿದ್ದರೂ ಕಟ್ಟಡಗಳು ಅಷ್ಟು ಹಳೆಯವಲ್ಲ. 1761ರ ಜನವರಿಯಲ್ಲಿ ಊರು ಇಂಗ್ಲಿಷರ ಕೈಸೇರಿತು, ಅವರು ಕೋಟೆಯನ್ನೂ ಊರನ್ನೂ ನೆಲಸಮ ಮಾಡಿದರು. ಆ ಮುತ್ತಿಗೆಯ ಹೊತ್ತಿಗೆ, 1760ರಲ್ಲಿ, ಫ್ರೆಂಚರ ನೆರವಿಗೆಂದು ಹೈದರಾಲಿ ಮಖ್ದೂಮ್ ಅಲಿಯ ಕೈಕೆಳಗೆ ಮೈಸೂರಿನ ಪಡೆ ಕಳಿಸಿದ್ದ. ಶ್ರೀರಂಗಪಟ್ಟಣದಲ್ಲಿ ಅವನದೇ ಅಧಿಕಾರಿ ಖಂಡೇರಾಯ ತಿರುಗಿಬಿದ್ದುದರಿಂದ ಅದನ್ನು ವಾಪಸು ಕರೆಸಿಕೊಳ್ಳಬೇಕಾಯಿತು. 1765ರಲ್ಲಿ ಫ್ರೆಂಚರು ತಿರುಗಿ ಬಂದು ಹಳೆಯ ಅಡಿಪಾಯಗಳ ಮೇಲೆ ಕಟ್ಟತೊಡಗಿದ ಊರು ಈಗ ನಾವು ನೋಡುವುದು. ಇದಕ್ಕೆ ಮುಂಚಿನದನ್ನು ನೋಡಬೇಕಾದರೆ ಬಿಳಿಯರ ಪಟ್ಟಣದ ಅಂಚಿನ ಕಾಲುವೆ ದಾಟಿ ತಮಿಳರ ಪಟ್ಟಣಕ್ಕೆ ಹೋಗಬೇಕು, ದೊಡ್ಡ ಮಾರುಕಟ್ಟೆಯ ಬಳಿ ಆನಂದರಂಗ ಪಿಳ್ಳೈ ಅವರ ಮನೆ ನಿಂತಿದೆ. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಅವರ ದಿನಚರಿ ಆ ಕಾಲದ ಊರನ್ನು ತಿಳಿಯಲು ಇರುವ ದೊಡ್ಡ ಆಧಾರ.

ಕಾಲುವೆಯ ಪೂರ್ವದ ಮನೆಗಳು ಬೀದಿಗೆ ಬೆನ್ನು ಹಾಕಿವೆ. ಎತ್ತರದ ಗೋಡೆ, ಒಂದು ಗೇಟು, ಒಳಗೆ ತೋಟ, ತೋಟಕ್ಕೆ ಮುಖಮಾಡಿದ ಕಮಾನಿನ ಮೊಗಸಾಲೆ. ಪಶ್ಚಿಮದ ಮನೆಗಳು ಬೀದಿಗೆ ತೆರೆದುಕೊಂಡಿವೆ. ಮೊದಲು ಬೀದಿಯ ಮೇಲೆ ಚಾಚಿದ ಮರದ ಕಂಬಗಳ ಹೆಂಚಿನ ಮಾಡು, ಅದರ ಕೆಳಗೆ ಜಗಲಿ, ಒಳಗೆ ನಮ್ಮ ತೊಟ್ಟಿಯಂಥದೇ ಮುತ್ತಂ. ಕೆಲವು ಮನೆಗಳಲ್ಲಿ ಕೆಳಗೆ ಜಗಲಿ ಮಾಡು, ಮೇಲಂತಸ್ತಿನಲ್ಲಿ ಫ್ರೆಂಚ್ ಕಿಟಕಿ, ಕಂಬದ ಸಾಲು. ವೈಶ್ಯಾಳ್ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಇಂಟಾಕ್ ಸಂಸ್ಥೆಯವರು ಸಾಲುಮನೆಗಳನ್ನು ದುರಸ್ತಿ ಮಾಡಿದ್ದಾರೆ. ಎರಡೂ ಪಟ್ಟಣಗಳನ್ನು ಅರ್ಥ ಮಾಡಿಕೊಳ್ಳಲು ಆ ಒಂದು ಬೀದಿ ಸಾಕು.

ಎರಡೂ ಕಡೆ ಗೋಡೆ ಮಾತ್ರ ಒಂದೇ ಬಗೆಯದು, ಇಟ್ಟಿಗೆ ಮತ್ತು ಗಾರೆ. ಕಪ್ಪೆಚಿಪ್ಪು ಸುಟ್ಟ ಸುಣ್ಣವನ್ನು ಕಡಲೇ ಕೊಡುತ್ತಿತ್ತು. ಅದನ್ನು ಮರಳಿನೊಡನೆ ಅರೆದು, ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಸೇರಿಸಿ ನುಣುಪುಗಲ್ಲಿನಿಂದ ಉಜ್ಜಿದರೆ ಅಮೃತಶಿಲೆಯಂಥ ಹೊಳಪು. ತಾರಸಿಗೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದಲ್ಲಿ ಕೂಡಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹಾಕಿ ಬಡಿದು ಗಟ್ಟಿ ಮಾಡುವುದು. ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲಿ ಮದ್ರಾಸ್ ತಾರಸಿ ನೋಡಿದವರಿಗೆ ಇದು ಪರಿಚಿತ. ಸುಣ್ಣದ ಗೋಡೆ ಉಸಿರಾಡುತ್ತದೆ. ಕಡಲ ಗಾಳಿಯ ಉಪ್ಪು, ನೆಲದ ತೇವ ಒಳಗೆ ಹೋದರೂ ಒಣಗಿ ಹೊರಬರುತ್ತವೆ, ಉಪ್ಪು ಮೇಲ್ಪದರದಲ್ಲಿ ಪುಡಿಯಾಗಿ ಉದುರುತ್ತದೆ, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಮುಗಿಯಿತು. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟುತ್ತದೆ, ಕೆಲವೇ ವರ್ಷಗಳಲ್ಲಿ ಗೋಡೆ ಹಪ್ಪಳದ ಹಾಗೆ ಏಳುತ್ತದೆ. ಊರಿನ ಯಾವ ಬೀದಿಯಲ್ಲಾದರೂ ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಬಣ್ಣ ಸಿಡಿದ ಗೋಡೆ ಕಂಡರೆ ಅಲ್ಲಿ ಸಿಮೆಂಟು ಬಿದ್ದಿದೆ ಎಂದು ತಿಳಿಯಬಹುದು. 1870ರ ದಶಕದಿಂದ ಬೀಚ್ ರೋಡಿನಲ್ಲಿ ನಿಂತಿದ್ದ ಮೇರಿ (ಫ್ರೆಂಚರ ಪುರಭವನ) ಕಟ್ಟಡ ಬಹುಕಾಲ ದುರಸ್ತಿ ಕಾಣದೆ 2014ರ ನವೆಂಬರಿನ ಮಳೆಗೆ ಕುಸಿದುಬಿತ್ತು. ಅದೇ ಆಕಾರದಲ್ಲಿ ಮತ್ತೆ ಕಟ್ಟಿದ್ದಾರೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗದು. ಆದರೂ ಅದು ಹೊಸ ಕಟ್ಟಡ.

ಯಾವ ಬೀಚಿಗೆ, ಯಾವ ಹೊತ್ತಿಗೆ

ಪೂರ್ವದ ಕಡಲಲ್ಲಿ ಸೂರ್ಯ ಹುಟ್ಟುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ದಿನದ ಕಾರ್ಯಕ್ರಮ ಹಾಕುವಾಗ ಮರೆಯುತ್ತಾರೆ. ಪಣಂಬೂರಿನ ರೂಢಿಯಂತೆ ಸಂಜೆ 5ಕ್ಕೆ ಬೀಚಿಗೆ ಹೋದರೆ ಇಲ್ಲಿ ಬಿಸಿಲು ಆಗಲೇ ಬೆನ್ನ ಹಿಂದಿನ ತೆಂಗಿನ ತೋಪಿಗೆ ಇಳಿದಿರುತ್ತದೆ. ಬೀಚಿಗೆ ಬೆಳಿಗ್ಗೆ 6ರಿಂದ 9, ಊರು ಸುತ್ತಲು ಸಂಜೆ, ಇದು ಸರಿಯಾದ ಕ್ರಮ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ಹಿತ. ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು ಮಳೆಯ ಕಾಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಇಲ್ಲಿಗೇ ಬಂದಾಗ ಒಂದೇ ದಿನ 40 ಸೆಂಟಿಮೀಟರಿಗೂ ಮೀರಿ ಮಳೆ ಸುರಿಯಿತು. ಬೆಂಗಳೂರಿನಿಂದ ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ದಾರಿಯಲ್ಲಿ ಸುಮಾರು 310 ಕಿಲೊಮೀಟರ್, ಆರೇಳು ಗಂಟೆ. ಸೆಂಜಿಯಲ್ಲಿ ನಿಲ್ಲುವುದಕ್ಕೆ ಕೋಟೆಯೊಂದೇ ಕಾರಣವಲ್ಲ. ಬೀಚ್ ರೋಡಿನ ಗಾಂಧಿ ಪ್ರತಿಮೆಯ ಸುತ್ತ ನಿಂತಿರುವ ಕೆತ್ತನೆಯ ಕಂಬಗಳು ಅಲ್ಲಿಂದ ಬಂದವು. ಪುದುಚೇರಿಯ ಬಳಿ ಕಡಲು ಸೇರುವ ಶಂಕರಾಪರಣಿ ಹೊಳೆ ಹುಟ್ಟುವುದೂ ಆ ಕಡೆಯ ಬೆಟ್ಟಗಳಲ್ಲೇ. ಬೆಟ್ಟದ ಕಲ್ಲನ್ನು ಮರಳು ಮಾಡಿ ಕಡಲಿಗೆ ಕೊಡುವುದು ಇಂಥ ಹೊಳೆಗಳ ಕೆಲಸ. ನಡುವೆ ವೀಡೂರಿನಲ್ಲಿ ಅಣೆಕಟ್ಟು ಇದೆ, ಮರಳಿನ ಒಂದು ಪಾಲು ಅಲ್ಲಿಯೇ ನಿಲ್ಲುತ್ತದೆ.

ಊರಿನ ಉತ್ತರಕ್ಕೆ ಸೆರೆನಿಟಿ ಬೀಚ್ ಎಂದು ಹೆಸರಾಗಿರುವುದು ತಂತಿರಾಯನ್‌ಕುಪ್ಪಂನ ದಂಡೆ. ಇಲ್ಲಿ ಕಡಲಿನೊಳಕ್ಕೆ ಚಾಚಿದ ಗಿಡ್ಡ ಕಲ್ಲುಸಾಲುಗಳಿವೆ, ಗ್ರೋಯಿನ್ ಎನ್ನುತ್ತಾರೆ. ಒಂದು ಗ್ರೋಯಿನ್ ಮೇಲೆ ಹತ್ತಿ ಎರಡೂ ಕಡೆ ನೋಡಿದರೆ ದೊಡ್ಡ ಬಂದರಿನ ಕಥೆ ಅಂಗೈಯಗಲದಲ್ಲಿ ಕಾಣುತ್ತದೆ. ತೆಂಕಣ ಮಗ್ಗುಲಲ್ಲಿ ಮರಳು ಕಲ್ಲಿನ ತಲೆಯವರೆಗೆ ತುಂಬಿ ಜನ ಚಾಪೆ ಹಾಸಿ ಕೂತಿರುತ್ತಾರೆ. ಬಡಗಣ ಮಗ್ಗುಲಲ್ಲಿ ದಂಡೆ ಬಿಲ್ಲಿನಂತೆ ಒಳಕ್ಕೆ ಕಚ್ಚಿಹೋಗಿರುತ್ತದೆ, ತೆಂಗಿನ ಬೇರು ಗಾಳಿಯಲ್ಲಿ ಜೋಲುತ್ತಿರುತ್ತದೆ. ಆ ಕಚ್ಚಿದ ಜಾಗದಲ್ಲಿ ಬಗ್ಗಿ ಒಂದು ಹಿಡಿ ಮರಳು ತೆಗೆದುಕೊಳ್ಳಿ. ಅದರಲ್ಲಿ ಮಸಿಯಂಥ ಕಪ್ಪು ಗೆರೆ, ನಡುವೆ ಕೆಂಪು ಚುಕ್ಕಿ ಸಿಗುತ್ತದೆ, ಇಲ್ಮನೈಟ್ ಮತ್ತು ಗಾರ್ನೆಟ್. ಹಗುರ ಬಿಳಿ ಮರಳನ್ನು ಅಲೆ ಹೊತ್ತೊಯ್ದಾಗ ಈ ಭಾರದ ಕಣಗಳು ಹಿಂದುಳಿಯುತ್ತವೆ. ಬೀಚಿನ ಮೇಲ್ಗಡೆ ಕಪ್ಪು ಮರಳು ಹಾಸಿಕೊಂಡಿದ್ದರೆ ಇತ್ತೀಚೆಗೆ ಕೊರೆತ ನಡೆದಿದೆ ಎಂದರ್ಥ, ಗಲೀಜು ಎಂದಲ್ಲ.

ಇಲ್ಲಿ ಅಲೆಸವಾರಿ ಕಲಿಯುವವರು ಬರುತ್ತಾರೆ. ಈಜಲು ಇಳಿಯುವವರು ಗ್ರೋಯಿನ್‌ಗಳಿಂದ ದೂರ ಇರಬೇಕು, ಏಕೆಂದರೆ ಕಲ್ಲುಸಾಲಿನ ಗುಂಟ ನೀರು ಕಡಲಿನ ಕಡೆಗೆ ಸೆಳೆಯುತ್ತದೆ. ತೆರೆದ ದಂಡೆಯಲ್ಲೂ ಸೆಳೆತ ಗುರುತಿಸುವುದನ್ನು ಕಲಿತಿರಬೇಕು. ಬಿಳಿ ನೊರೆಯ ಸಾಲಿನ ನಡುವೆ ಅಲೆ ಮುರಿಯದ, ಬಣ್ಣ ಗಾಢವಾದ, ಶಾಂತವಾಗಿ ಕಾಣುವ ಒಂದು ಪಟ್ಟಿ ಇದ್ದರೆ ಅದೇ ಸೆಳೆತ. ಶಾಂತ ಎಂದು ಮಕ್ಕಳನ್ನು ಅಲ್ಲಿಗೇ ಇಳಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಸಿಕ್ಕಿಕೊಂಡರೆ ದಡದ ಕಡೆ ಈಜಿ ದಣಿಯಬಾರದು. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬಂದ ಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಇನ್ನೂ ಉತ್ತರದ ಆರೋವಿಲ್ ಬೀಚಿನಲ್ಲಿ ಈಗ ಕೊರೆತ ಹೆಚ್ಚು, ಹಳೆಯ ಫೋಟೊ ನೋಡಿ ಹೋದವರಿಗೆ ನಿರಾಸೆಯಾಗುತ್ತದೆ.

ಅಗಲವಾದ ಮರಳು ಬೇಕಿದ್ದರೆ ದಕ್ಷಿಣಕ್ಕೆ ಹೋಗಬೇಕು, ಕಾರಣ ಈಗ ಹೇಳಬೇಕಾಗಿಲ್ಲ. ವೀರಾಂಪಟ್ಟಣ ದೊಡ್ಡ ಮೀನುಗಾರರ ಹಳ್ಳಿ. ಅಲ್ಲಿನ ಸೆಂಗಳುನೀರ್ ಅಮ್ಮನ ತೇರು ಆಡಿ ಮಾಸದಲ್ಲಿ ನಡೆಯುತ್ತದೆ. ಫ್ರೆಂಚ್ ಗವರ್ನರ್ ಬಂದು ಹಗ್ಗ ಮುಟ್ಟುತ್ತಿದ್ದ ರೂಢಿಯನ್ನು ಈಗ ಉಪರಾಜ್ಯಪಾಲರು ಮುಂದುವರಿಸಿದ್ದಾರೆ. ಅದರ ಪಕ್ಕದ ಚಿನ್ನವೀರಾಂಪಟ್ಟಣದ ಈಡನ್ ಬೀಚಿಗೆ 2021ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿತು, ನಮ್ಮ ಪಡುಬಿದ್ರಿ, ಕಾಸರಕೋಡುಗಳಿಗೆ ಸಿಕ್ಕ ಮರುವರ್ಷ. ಸ್ನಾನದ ಮನೆ, ಶೌಚಾಲಯದ ವ್ಯವಸ್ಥೆ ಇರುವುದರಿಂದ ಮನೆಮಂದಿಯೆಲ್ಲ ಹೋಗುವುದಾದರೆ ನನ್ನ ಆಯ್ಕೆ ಇದು. ಪ್ಯಾರಡೈಸ್ ಬೀಚಿಗೆ ಕಡಲೂರು ರಸ್ತೆಯ ಚುನ್ನಾಂಬಾರ್ ದೋಣಿಮನೆಯಿಂದ ಹಿನ್ನೀರಿನಲ್ಲಿ ದೋಣಿ ಹೋಗುತ್ತದೆ. ಹೊಳೆಗೂ ಕಡಲಿಗೂ ನಡುವಿನ ಮರಳ ನಾಲಿಗೆ ಅದು, ನೆರಳು ಕಡಿಮೆ, ಅಳಿವೆಯ ಹತ್ತಿರ ಸೆಳೆತ ಜಾಸ್ತಿ. ರಜಾದಿನಗಳಲ್ಲಿ ಟಿಕೆಟ್ ಸಾಲೇ ಗಂಟೆ ತಿನ್ನುವುದರಿಂದ ಬೆಳಿಗ್ಗೆ ಮೊದಲ ದೋಣಿ ಹಿಡಿಯುವುದು ಮೇಲು.

ಅರಿಕಮೇಡು, ಬ್ರಹ್ಮಗಿರಿ

ದಕ್ಷಿಣಕ್ಕೆ ಹೋದವರು ಅರಿಕಮೇಡಿಗೆ ಒಂದು ಗಂಟೆ ಕೊಡಬೇಕು. ಊರಿನಿಂದ ಸುಮಾರು 4 ಕಿಲೊಮೀಟರ್, ಅರಿಯಾಂಕುಪ್ಪಂ ಹೊಳೆಯ ದಂಡೆಯ ಮೇಲೆ ಮಾವಿನ ತೋಪು, ಒಂದಷ್ಟು ಹಳೆಯ ಇಟ್ಟಿಗೆ ಗೋಡೆ. ಕಣ್ಣಿಗೆ ಕಾಣುವುದು ಬಹಳ ಕಡಿಮೆ. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಇಟಲಿಯ ಅರೆಟೈನ್ ಕೆಂಪು ಮಡಕೆಯ ಚೂರುಗಳೂ ರೋಮನ್ ಮದ್ಯದ ಜಾಡಿಗಳ ತುಂಡುಗಳೂ ಸಿಕ್ಕವು. ಅರೆಟೈನ್ ಮಡಕೆಯ ಕಾಲ ಯುರೋಪಿನಲ್ಲಿ ಖಚಿತವಾಗಿ ಗೊತ್ತಿತ್ತು, ಕ್ರಿಸ್ತಶಕದ ಆರಂಭದ ಆಸುಪಾಸು. ಅದೇ ಪದರದಲ್ಲಿ ಸಿಕ್ಕ, ಒಳಮೈಯಲ್ಲಿ ಸಾಲು ಚುಕ್ಕಿಗಳ ಸುತ್ತುಗೆರೆ ಇರುವ ಮಡಕೆಗಳಿಗೂ ಆ ಕಾಲ ಅಂಟಿಕೊಂಡಿತು. ಎರಡು ವರ್ಷದ ನಂತರ, 1947ರಲ್ಲಿ, ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಅಲ್ಲಿಯೂ ಅದೇ ಚುಕ್ಕಿಗೆರೆಯ ಮಡಕೆ ಸಿಕ್ಕಿತು. ಅರಿಕಮೇಡಿನ ಲೆಕ್ಕ ಹಿಡಿದು ಬ್ರಹ್ಮಗಿರಿಯ ಪದರಗಳಿಗೆ ಕಾಲ ಕಟ್ಟಿದರು, ದಕ್ಷಿಣದ ಬೃಹತ್ ಶಿಲಾಗೋರಿಗಳ ಕಾಲಗಣನೆ ಅಲ್ಲಿಂದ ಶುರುವಾಯಿತು. ಬ್ರಹ್ಮಗಿರಿ ಇರುವ ಮೊಳಕಾಲ್ಮೂರಿನ ಒಣನೆಲದ ಇತಿಹಾಸಕ್ಕೆ ತಾರೀಖು ಕೊಟ್ಟದ್ದು ಈ ಹೊಳೆಯ ಬಾಯಿಗೆ ಬಂದ ದೋಣಿಗಳು.

ಎರಡು ಸಾವಿರ ವರ್ಷದ ಹಿಂದೆಯೂ ವ್ಯಾಪಾರಕ್ಕೆ ಇದೇ ಅಳಿವೆ. ಹಡಗಿನಿಂದ ಇಳಿದ ಸರಕು ಹೊಳೆಯೊಳಗೆ ಬಂದು ಈ ದಂಡೆಗೆ ಹತ್ತುತ್ತಿತ್ತು. ಈಗ ಮೀನುಗಾರರ ದೋಣಿಗಳು ಇದೇ ಹೊಳೆಯಲ್ಲಿ ಕೆಳಗಿಳಿದು ತೇಂಗಾಯ್‌ತಿಟ್ಟು ಬಂದರು ದಾಟಿ ತಡೆಗೋಡೆಗಳ ನಡುವಿನಿಂದ ಕಡಲಿಗೆ ಹೋಗುತ್ತವೆ. ಹೂಳು ತುಂಬಿದ ದಿನಗಳಲ್ಲಿ ಬಾಯಿಯ ಹತ್ತಿರ ಬಂದಾಗ ಎಂಜಿನ್ ತಗ್ಗಿಸಿ, ಒಬ್ಬ ಮುಂದೆ ನಿಂತು ನೀರಿನ ಬಣ್ಣ ನೋಡುತ್ತ ಕೈಸನ್ನೆ ಮಾಡುತ್ತಾನೆ. ದೊಡ್ಡ ಅಲೆಗಳ ಗುಂಪು ಹೋಗುವವರೆಗೆ ಕಾದು, ಸಣ್ಣ ಅಲೆ ಬಂದ ಕೂಡಲೇ ಎಂಜಿನ್ ಏರಿಸಿ ಮರಳಿನ ದಿಬ್ಬ ದಾಟುತ್ತಾರೆ.